ಕ್ಯಾಚ್ ಬಿಟ್ಟ ಹುಡುಗ

ಹೋದ ತಿಂಗಳು ಒಂದು ಶನಿವಾರ. ಊಟ ಮುಗಿಸಿ ಪಡಸಾಲೆಯಲ್ಲಿ ಪೇಪರ್ ಓದುತ್ತ ಕುಳಿತಿದ್ದೆ. ಏಳನೆಯ ಇಯತ್ತೆಯಲ್ಲಿ ಓದುವ ಮೊಮ್ಮಗ ಬಯಲಿನಿಂದ ಬಂದ. ಬಂದವನೇ ಬೂಟು ಕಳಚಿ ಮೂಲೆಗೆ ಒಗೆದು, ಯಾರನ್ನೂ ಮಾತಾಡಿಸದೆ ಒಳಗಿನ ಕೋಣೆ ಸೇರಿದ. ಅವನ ಅಜ್ಜಿ ಒಗ್ಗರಣೆ ಚುರುಮುರಿ ಹಿಡಿದುಕೊಂಡು ಎರಡು ಸಲ ಕರೆದಳು. ಉತ್ತರವಿಲ್ಲ. ಚುರುಮುರಿ ಬೇಡ ಅಂದನೆಂದರೆ ವಿಷಯ ಸಣ್ಣದಲ್ಲ ಎಂದುಕೊಂಡು ನಾನೇ ಎದ್ದು ಹೋದೆ.

"ಏನಾತಪಾ ತಮ್ಮಾ?"

"ಅಜ್ಜಾ, ನಾ ಇನ್ನ ಕ್ರಿಕೆಟ್ ಆಡಂಗಿಲ್ಲ."

ಸ್ವಲ್ಪ ಹೊತ್ತು ಪಕ್ಕದಲ್ಲಿ ಸುಮ್ಮನೆ ಕುಳಿತ ಮೇಲೆ ಕಥೆ ಹೊರಗೆ ಬಂತು. ಬೇರೆ ಶಾಲೆಯವರ ಜೊತೆ ಪಂದ್ಯ. ಕೊನೆಯ ಓವರ್. ಎದುರಾಳಿ ಹುಡುಗ ಎತ್ತಿ ಹೊಡೆದ ಚೆಂಡು ನೇರವಾಗಿ ಇವನ ಕೈಗೇ ಬಂದಿತ್ತು. ಇವನು ಬಿಟ್ಟ. ಪಂದ್ಯ ಹೋಯಿತು. "ಕೈಗೆ ಎಣ್ಣಿ ಹಚ್ಚಕೊಂಡು ಬಂದಿದ್ದೇನಲೇ" ಎಂದು ಗೆಳೆಯರು ದಾರಿಯುದ್ದಕ್ಕೂ ಕಾಡಿದರಂತೆ.

ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. ಏಕೆಂದರೆ ಅವನ ಮುಖ ನೋಡುತ್ತಿದ್ದಂತೆ ನನಗೆ ಇನ್ನೊಬ್ಬ ಹುಡುಗನ ಮುಖ ಕಂಡಿತು. ಅದನ್ನು ನಾನು ಸುಮಾರು ನಲವತ್ತು ವರ್ಷಗಳಿಂದ ಮರೆಯಲು ಪ್ರಯತ್ನಿಸುತ್ತಿದ್ದೇನೆ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ಸೇರಿದವನು. ನರಗುಂದ, ರೋಣ, ಗಜೇಂದ್ರಗಡ – ಈ ಮೂರು ಊರುಗಳ ಕೌಂಟರುಗಳಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. 1983ರಲ್ಲಿ ಕಪಿಲ್ ದೇವ್ ಅವರ ತಂಡ ವಿಶ್ವಕಪ್ ಗೆದ್ದ ಮೇಲೆ ನಮ್ಮ ಕಡೆಯ ಹಳ್ಳಿಹಳ್ಳಿಗೂ ಕ್ರಿಕೆಟ್ ಹುಚ್ಚು ಹತ್ತಿತ್ತು. 1986ರಲ್ಲಿ ನಾನು ಗಜೇಂದ್ರಗಡದಲ್ಲಿದ್ದೆ. ಕಾಲೇಜಿನಲ್ಲಿ ಒಂದಿಷ್ಟು ಆಡಿದ್ದೆನಾದ್ದರಿಂದ, ಸಂಜೆ ಲೆಕ್ಕ ಮುಗಿದ ಮೇಲೆ ಗುಡ್ಡದ ಕೆಳಗಿನ ಬಯಲಿನಲ್ಲಿ ಹುಡುಗರನ್ನು ಕೂಡಿಸಿ ಆಟ ಹೇಳಿಕೊಡುತ್ತಿದ್ದೆ. ಹುಡುಗರು "ಕೋಚ್ ಸರ್" ಅನ್ನುತ್ತಿದ್ದರು. ಆ ಮಾತು ಕೇಳಿ ಎದೆ ಒಂದಿಂಚು ಉಬ್ಬುತ್ತಿತ್ತು.

ಅವರಲ್ಲಿ ಒಬ್ಬ ನೇಕಾರರ ಮಗ. ಹದಿನಾಲ್ಕು ವರ್ಷ ಇರಬಹುದು. ಬೆಳಿಗ್ಗೆ ಶಾಲೆ, ಆಮೇಲೆ ಮನೆಯಲ್ಲಿ ಅಪ್ಪನ ಕುಣಿಮಗ್ಗದ ಪಕ್ಕ ಕುಳಿತು ಕಂಡಿಕೆ ಸುತ್ತುವ ಕೆಲಸ. ಅದು ಮುಗಿದ ಮೇಲೆ ಬಯಲಿಗೆ ಓಡಿ ಬರುತ್ತಿದ್ದ. ಬರುವಾಗ ಅಂಗಿಯ ಮೇಲೆ ನೂಲಿನ ಎಳೆಗಳು ಅಂಟಿಕೊಂಡಿರುತ್ತಿದ್ದವು. ಚುರುಕು ಹುಡುಗ. ಅವನಂತೆ ಚೆಂಡು ಹಿಡಿಯುವವರು ನಮ್ಮಲ್ಲಿ ಇನ್ನೊಬ್ಬರು ಇರಲಿಲ್ಲ.

ಒಂದು ಭಾನುವಾರ ರೋಣದಲ್ಲಿ ಪಂದ್ಯ. ಜನ ಸೇರಿದ್ದರು. ನಮ್ಮ ಬ್ಯಾಂಕಿನ ದೊಡ್ಡ ಸಾಹೇಬರೂ ನೋಡಲು ಬಂದಿದ್ದರು. ಅವತ್ತು, ಎಂದೂ ಕೈಬಿಡದ ಆ ಹುಡುಗ ಒಂದು ಸುಲಭದ ಕ್ಯಾಚ್ ಬಿಟ್ಟ. ನಾವು ಸೋತೆವು. ಸಾಹೇಬರ ಮುಂದೆ ನನಗೆ ಅವಮಾನವಾದಂತಾಯಿತು. ಆಟ ಮುಗಿದ ಮೇಲೆ ಎಲ್ಲರೆದುರಿಗೇ ಅವನನ್ನು ಕರೆದು ಹೇಳಿದೆ: "ಮಗ್ಗದ ಮುಂದ ಕೂತು ಕಂಡಿಕಿ ಸುತ್ತು ಹೋಗು. ನಿನಗ್ಯಾಕ ಬೇಕು ಬ್ಯಾಟು ಬಾಲು?"

ಕೆಲವರು ನಕ್ಕರು. ಹುಡುಗ ಅಳಲಿಲ್ಲ. ನೆಲ ನೋಡುತ್ತ ನಿಂತ. ಮರುದಿನ ಬಯಲಿಗೆ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ನಾನು ಹೋಗಿ ಕರೆಯಬಹುದಿತ್ತು. ಅವರ ಮನೆ ಬ್ಯಾಂಕಿನಿಂದ ಎರಡು ಓಣಿ ಆಚೆಗಷ್ಟೇ ಇತ್ತು. ಇವತ್ತು ನಾಳೆ ಅನ್ನುವುದರೊಳಗೆ ನನಗೆ ವರ್ಗವಾಯಿತು.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಅಂತ ಒಂದಿರುತ್ತದೆ, ಮಕ್ಕಳೇ. ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯದ ಹಣವನ್ನು ಸದ್ಯಕ್ಕೆ ಅಲ್ಲಿ ಇಡುತ್ತಾರೆ. ಆದರೆ ಹಾಗೇ ಬಿಡುವಂತಿಲ್ಲ, ಎಂದಾದರೂ ಬಗೆಹರಿಸಲೇಬೇಕು. ಬ್ಯಾಂಕಿನ ಸಸ್ಪೆನ್ಸ್ ಖಾತೆಗಳನ್ನೆಲ್ಲ ನಾನು ಬಗೆಹರಿಸಿ ನಿವೃತ್ತನಾದೆ. ಇದೊಂದು ಮಾತ್ರ ಉಳಿದಿತ್ತು.

ಆ ಸಂಜೆ ಮೊಮ್ಮಗನಿಗೆ ನನ್ನ ಕಥೆ ಹೇಳುವ ಧೈರ್ಯ ಬರಲಿಲ್ಲ. ಬದಲಿಗೆ ರಾಹುಲ್ ದ್ರಾವಿಡ್ ಅವರ ಕಥೆ ಹೇಳಿದೆ. ಅವರು ಆಟಗಾರರಾಗಿದ್ದ ಕಥೆಯಲ್ಲ. ಅದು ಎಲ್ಲರಿಗೂ ಗೊತ್ತು. 164 ಟೆಸ್ಟ್, 13,288 ರನ್, 'ಗೋಡೆ' ಎಂಬ ಹೆಸರು. ನಾನು ಹೇಳಿದ್ದು ಅವರು ಕೋಚ್ ಆದ ಕಥೆ.

"ಮೊದಲ ಇದನ್ನ ಕೇಳು," ಅಂದೆ. "ಟೆಸ್ಟಿನ್ಯಾಗ ವಿಕೆಟ್ ಕೀಪರ್ ಬಿಟ್ಟರ ಅತಿ ಹೆಚ್ಚು ಕ್ಯಾಚ್ ಹಿಡಿದವರು ಭಾಳ ವರ್ಷ ಅವರ. 210 ಕ್ಯಾಚ್. ಈಗ 2025ರಾಗ ಇಂಗ್ಲೆಂಡಿನ ಜೋ ರೂಟ್ ಅದನ್ನ ದಾಟಿದ. ಅಂಥಾವರೂ ಕ್ಯಾಚ್ ಬಿಟ್ಟಾರ."

ಮೊಮ್ಮಗ ತಲೆ ಎತ್ತಿದ. "ಖರೇನ ಬಿಟ್ಟಾರೇನು?"

"ಬಿಡದವರು ಯಾರದಾರೋ?"

2007ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್ ನಡೆಯಿತು. ದ್ರಾವಿಡ್ ಭಾರತದ ನಾಯಕ. ಸಚಿನ್, ಗಂಗೂಲಿ, ಸೆಹವಾಗ್, ಕುಂಬ್ಳೆ, ಧೋನಿ – ಎಲ್ಲರೂ ಇದ್ದ ತಂಡ. ಟ್ರಿನಿಡಾಡ್‌ನಲ್ಲಿ ಮೊದಲು ಬಾಂಗ್ಲಾದೇಶಕ್ಕೆ, ನಂತರ ಶ್ರೀಲಂಕಾಕ್ಕೆ ಸೋತು, ಮೊದಲ ಸುತ್ತಿನಲ್ಲೇ ಹೊರಬಿತ್ತು. ಊರೂರುಗಳಲ್ಲಿ ಜನ ಆಟಗಾರರ ಪ್ರತಿಕೃತಿ ಸುಟ್ಟರು. ಆಗ ನಾನೂ ಬ್ಯಾಂಕಿನಲ್ಲಿ ಕುಳಿತು ಅವರನ್ನು ಬೈದವನೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭಾರತ ಮೊದಲ ಟಿ-20 ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ದ್ರಾವಿಡ್ ಇರಲಿಲ್ಲ. ವಿಶ್ವಕಪ್ ಎಂಬುದು ಅವರ ಕೈಗೆ ಸಿಗದೆಯೇ 2012ರಲ್ಲಿ ಅವರು ನಿವೃತ್ತರಾದರು.

ಅಂಥ ದೊಡ್ಡ ಹೆಸರಿನವರು ಆಮೇಲೆ ಎಲ್ಲಿಗೆ ಹೋದರು ಗೊತ್ತೇ? ಹುಡುಗರ ಬಳಿಗೆ. 2015ರಲ್ಲಿ ಭಾರತ 'ಎ' ತಂಡ ಮತ್ತು 19 ವರ್ಷದೊಳಗಿನವರ ತಂಡಗಳ ಕೋಚ್ ಆದರು. 'ಎ' ತಂಡದಲ್ಲಿ ಅವರು ಒಂದು ಪದ್ಧತಿ ಇಟ್ಟರು: ತನ್ನ ಜೊತೆ ಪ್ರವಾಸಕ್ಕೆ ಬಂದ ಯಾವ ಹುಡುಗನೂ ಒಂದೂ ಪಂದ್ಯ ಆಡದೆ ಮನೆಗೆ ಹೋಗಬಾರದು. ಇದಕ್ಕೆ ಅವರು ಕೊಟ್ಟ ಕಾರಣ ಸರಳವಾದದ್ದು. ಚಿಕ್ಕವನಿದ್ದಾಗ ತಾನೂ ಹಾಗೆ ಹೋಗಿ, ಆಡಲು ಸಿಗದೆ ಹೊರಗೆ ಕುಳಿತಿದ್ದೆ. ಆ ಸಂಕಟ ತನಗೆ ಗೊತ್ತು ಎಂದರು.

2016ರ ಕಿರಿಯರ ವಿಶ್ವಕಪ್ ಫೈನಲ್‌ನಲ್ಲಿ ಅವರ ಹುಡುಗರು ವೆಸ್ಟ್ ಇಂಡೀಸ್‌ಗೆ ಸೋತರು. 2018ರಲ್ಲಿ ನ್ಯೂಜಿಲೆಂಡ್‌ನಲ್ಲಿ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಸೋಲಿಸಿ ಗೆದ್ದರು. ಮಂಡಳಿ ಬಹುಮಾನ ಘೋಷಿಸಿತು – ದ್ರಾವಿಡ್ ಅವರಿಗೆ 50 ಲಕ್ಷ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ಎಲ್ಲರೂ ದುಡಿದಿರುವಾಗ ನನಗೇಕೆ ಹೆಚ್ಚು ಎಂದು ದ್ರಾವಿಡ್ ಕೇಳಿದರು. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷ ಎಂದಾಯಿತು. ಅಂದರೆ ಅವರಿಗೆ ಬರಬೇಕಾದದ್ದರಲ್ಲಿ ಅರ್ಧ ಕಡಿಮೆಯಾಯಿತು. ಆಯುಷ್ಯವಿಡೀ ಬೇರೆಯವರ ದುಡ್ಡು ಎಣಿಸಿದ ನನಗೆ ಗೊತ್ತು, ಕೈಗೆ ಬಂದ ದುಡ್ಡು ಬೇಡ ಅನ್ನುವವರು ಎಷ್ಟು ಕಡಿಮೆ ಎಂದು.

2021ರ ಜುಲೈ ತಿಂಗಳು. ಮುಖ್ಯ ತಂಡ ಇಂಗ್ಲೆಂಡಿನಲ್ಲಿತ್ತು. ಎರಡನೆಯ ತಂಡವೊಂದನ್ನು ಕರೆದುಕೊಂಡು ದ್ರಾವಿಡ್ ಶ್ರೀಲಂಕಾಕ್ಕೆ ಹೋದರು. ಕೊಲಂಬೊದಲ್ಲಿ ಎರಡನೆಯ ಪಂದ್ಯ ಕೈತಪ್ಪುವ ಹಾಗಿತ್ತು. ಆಡುತ್ತಿದ್ದವನು ಬೌಲರ್ ದೀಪಕ್ ಚಾಹರ್. ದ್ರಾವಿಡ್ ಮೇಲಿನಿಂದ ಇಳಿದು ಮೈದಾನದ ಅಂಚಿಗೇ ಬಂದು ಕುಳಿತರು, ಚಾಹರ್‌ಗೆ ಹೇಳಿ ಕಳಿಸಿದರು. ಚಾಹರ್ ಔಟಾಗದೆ 69 ರನ್ ಹೊಡೆದು ಗೆಲ್ಲಿಸಿದ. 'ಇವನಿಗೆ ಬ್ಯಾಟಿಂಗ್ ಬರುತ್ತದೆ' ಎಂದು ಒಬ್ಬರು ನಂಬಿದ್ದೇ ಅವನಿಗೆ ಸಾಕಾಗಿತ್ತು.

ಅದೇ ವರ್ಷ ನವೆಂಬರ್‌ನಲ್ಲಿ ಅವರು ಭಾರತ ತಂಡದ ಮುಖ್ಯ ಕೋಚ್ ಆದರು. ಆದ ಕೂಡಲೇ ಎಲ್ಲ ಸರಿಹೋಯಿತೇ? ಇಲ್ಲ. 2022ರ ಟಿ-20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ನಮ್ಮನ್ನು 10 ವಿಕೆಟ್‌ಗಳಿಂದ ಸೋಲಿಸಿತು. 2023ರ ಜೂನ್‌ನಲ್ಲಿ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಹೋಯಿತು. ಅದೇ ನವೆಂಬರ್ 19, ಅಹಮದಾಬಾದ್. ಸತತ 10 ಪಂದ್ಯ ಗೆದ್ದು ಬಂದ ತಂಡ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೋತಿತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮೊಮ್ಮಗ ಟಿ.ವಿ. ಮುಂದೆಯೇ ಅತ್ತು ಮಲಗಿದ್ದ.

ದ್ರಾವಿಡ್ ಅವರ ಅವಧಿ ಅಲ್ಲಿಗೆ ಮುಗಿದಿತ್ತು. ಹೋಗಿಬಿಡಬಹುದಿತ್ತು. ನಾಯಕ ರೋಹಿತ್ ಶರ್ಮಾ ಫೋನ್ ಮಾಡಿ, ಇನ್ನೂ ಆರು ತಿಂಗಳು ಇರಿ, ಇನ್ನೊಂದು ಸಲ ಪ್ರಯತ್ನಿಸೋಣ ಎಂದರು. ಆ ಫೋನಿಗಾಗಿ ದ್ರಾವಿಡ್ ಆಮೇಲೆ ತಂಡದ ಎಲ್ಲರ ಮುಂದೆ ರೋಹಿತ್‌ಗೆ ಧನ್ಯವಾದ ಹೇಳಿದರು.

2024ರ ಜೂನ್ 29. ಮತ್ತೆ ಅದೇ ವೆಸ್ಟ್ ಇಂಡೀಸ್, ಬಾರ್ಬಡೋಸ್. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 30 ಚೆಂಡಿನಲ್ಲಿ 30 ರನ್ ಸಾಕಿತ್ತು, 6 ವಿಕೆಟ್ ಕೈಯಲ್ಲಿದ್ದವು. ಟಿ.ವಿ. ಆರಿಸಿ ಮಲಗೋಣ ಎಂದೆ. ಮೊಮ್ಮಗ ಬಿಡಲಿಲ್ಲ. ಕೊನೆಯ ಓವರಿನ ಮೊದಲ ಚೆಂಡು. ಡೇವಿಡ್ ಮಿಲ್ಲರ್ ಎತ್ತಿ ಹೊಡೆದದ್ದನ್ನು ಗೆರೆಯ ಅಂಚಿನಲ್ಲಿ ಸೂರ್ಯಕುಮಾರ್ ಹಿಡಿದು, ಗೆರೆ ದಾಟುವ ಮುನ್ನ ಮೇಲಕ್ಕೆ ತೂರಿ, ಆಚೆ ಹೋಗಿ ಮತ್ತೆ ಒಳಗೆ ಬಂದು ಹಿಡಿದ. ಭಾರತ 7 ರನ್‌ಗಳಿಂದ ಗೆದ್ದಿತು. ವಿರಾಟ್ ಕೊಹ್ಲಿ ಕಪ್ಪನ್ನು ತಂದು ದ್ರಾವಿಡ್ ಕೈಗೆ ಕೊಟ್ಟರು. ಎಂದೂ ದನಿ ಏರಿಸದ ಆ ಮನುಷ್ಯ ಕಪ್ಪನ್ನು ಎತ್ತಿ ಹಿಡಿದು ಸಣ್ಣ ಹುಡುಗನಂತೆ ಕೂಗಿದರು. ಹದಿನೇಳು ವರ್ಷದ ಹಿಂದೆ ಇದೇ ದ್ವೀಪಗಳಿಂದ ತಲೆ ತಗ್ಗಿಸಿ ಬಂದವರು ಅವರು.

"ಮುಂದ?" ಅಂದ ಮೊಮ್ಮಗ.

"ಮುಂದ ರಾಜಸ್ಥಾನ ರಾಯಲ್ಸ್‌ಗೆ ಕೋಚ್ ಆದರು. 2025ರಾಗ 14 ಪಂದ್ಯದಾಗ ನಾಕs ಗೆದ್ದರು. ಹತ್ತು ತಂಡದಾಗ ಒಂಬತ್ತನೇ ಸ್ಥಾನ. ಆಮ್ಯಾಲೆ ಬಿಟ್ಟರು."

"ಅಂದ್ರ ಮತ್ತ ಸೋತ್ರು?"

"ಸೋತ್ರು. ಆದ್ರ ಅದs ವರ್ಷ ಅವರ ತಂಡದಾಗ 14 ವರ್ಷದ ವೈಭವ್ ಸೂರ್ಯವಂಶಿ 35 ಚೆಂಡಿನ್ಯಾಗ ನೂರು ಹೊಡದನಲ್ಲ, ನೆನಪೈತಿಲ್ಲೋ? ದ್ರಾವಿಡ್ ಅವರಿಗೆ ಕಾಲಿಗೆ ಪೆಟ್ಟಾಗಿ ಗಾಲಿ ಕುರ್ಚಿ ಮ್ಯಾಲೆ ಇದ್ದರು. ಆ ಹುಡುಗ ನೂರು ಹೊಡದ ಕೂಡಲೇ ಕಾಲು ನೋವು ಮರತು ಎದ್ದು ನಿಂತರು."

ಕೋಚ್ ಎಂಬ ಕೆಲಸವೇ ಹಾಗೆ. ಗೆದ್ದರೆ ಆಟಗಾರರ ಹೆಸರು, ಸೋತರೆ ಕೋಚ್ ಕಡೆ ಬೊಟ್ಟು. ಅಮೆರಿಕದ ಡಲ್ಲಾಸ್‌ನಲ್ಲಿರುವ ನನ್ನ ಅಳಿಯ ಒಮ್ಮೆ ಫೋನಿನಲ್ಲಿ ಅಲ್ಲಿನ ಫುಟ್‌ಬಾಲ್ ಬಗ್ಗೆ ಹೇಳಿದ್ದ. ಅವರ ಫುಟ್‌ಬಾಲ್ ನಮ್ಮದರಂತಲ್ಲ. ತಲೆಗೆ ಹೆಲ್ಮೆಟ್ ಹಾಕಿ, ಉದ್ದನೆಯ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದು. ಉಳಿದವರು ಕಬಡ್ಡಿಯವರ ಹಾಗೆ ಮೇಲೆ ಬಿದ್ದು ಹಿಡಿಯುವುದು. ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ ಟಾಮ್ ಲ್ಯಾಂಡ್ರಿ ಎಂಬವರು 1960ರಲ್ಲಿ ಮುಖ್ಯ ಕೋಚ್ ಆದರಂತೆ. ಮೊದಲ ವರ್ಷ 12 ಪಂದ್ಯಗಳಲ್ಲಿ 11 ಸೋಲು, ಒಂದು ಸಮ. ಗೆಲುವು ಸೊನ್ನೆ. ಆದರೂ ಮಾಲೀಕರು ಅವರನ್ನು ತೆಗೆಯಲಿಲ್ಲ. ಕೆಲವು ವರ್ಷಗಳ ನಂತರ ಇನ್ನೂ ಹತ್ತು ವರ್ಷದ ಕರಾರು ಮಾಡಿಕೊಂಡರು. ಲ್ಯಾಂಡ್ರಿ 29 ವರ್ಷ ಅದೇ ತಂಡದಲ್ಲಿದ್ದು ಎರಡು ಸಲ ಅಲ್ಲಿನ ದೊಡ್ಡ ಕಪ್ಪಾದ ಸೂಪರ್ ಬೌಲ್ ಗೆಲ್ಲಿಸಿದರು. ಕೊನೆಗೆ ಹೊಸ ಮಾಲೀಕ ಬಂದವನೇ ಅವರನ್ನು ಕೆಲಸದಿಂದ ತೆಗೆದ.

ದೂರದ ಮಾತೇಕೆ, ನಮ್ಮ ಗದಗಿನವರೇ ಆದ ಸುನಿಲ್ ಜೋಶಿ ಅವರನ್ನು ನೋಡಿ. ಹುಡುಗನಾಗಿದ್ದಾಗ ಬೆಳಿಗ್ಗೆ ಗದಗಿನಿಂದ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಆಟ ಕಲಿಯಲು ಹೋಗಿ, ಶಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್ ಬೌಲ್ ಮಾಡಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ಆಮೇಲೆ ಅವರೂ ಕೋಚ್ ಆದರು. 2014ರ ಸೆಪ್ಟೆಂಬರ್‌ನಲ್ಲಿ ಕಾಶ್ಮೀರದಲ್ಲಿ ದೊಡ್ಡ ಪ್ರವಾಹ ಬಂದು ಶ್ರೀನಗರದ ಕ್ರೀಡಾಂಗಣ ನೀರಿನಲ್ಲಿ ಮುಳುಗಿತ್ತು. ಆ ವರ್ಷ ಜಮ್ಮು-ಕಾಶ್ಮೀರ ತಂಡದ ಕೋಚ್ ಜೋಶಿಯವರೇ. ಡಿಸೆಂಬರ್‌ನಲ್ಲಿ ಅದೇ ಹುಡುಗರು ಮುಂಬಯಿಗೆ ಹೋಗಿ, 40 ಸಲ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿ ತಂಡವನ್ನು ಅವರ ಅಂಗಳದಲ್ಲೇ ಸೋಲಿಸಿದರು.

ಇಷ್ಟೆಲ್ಲ ಕೇಳಿದ ಮೊಮ್ಮಗ ಒಂದು ಪ್ರಶ್ನೆ ಕೇಳಿದ. "ಅಜ್ಜಾ, ನೀನೂ ಗಜೇಂದ್ರಗಡದಾಗ ಕೋಚ್ ಇದ್ದೆಲ್ಲ. ನೀ ಹೆಂಗಿದ್ದಿ?"

ಮಕ್ಕಳ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ಆ ನೇಕಾರ ಹುಡುಗನ ಕಥೆ ಹೇಳಿದೆ. ಹೇಳುತ್ತಿರುವಾಗಲೇ ಒಂದು ಲೆಕ್ಕ ಹೊಳೆಯಿತು. 1986ರಲ್ಲಿ ದ್ರಾವಿಡ್ ಅವರಿಗೆ 13 ವರ್ಷ. ನಮ್ಮ ಹುಡುಗನ ಓರಗೆಯವರೇ. ಆ ವರ್ಷಗಳಲ್ಲೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಅವರಿಗೆ ಕೇಕಿ ತಾರಾಪೋರ್ ಎಂಬ ಒಳ್ಳೆಯ ಗುರು ಸಿಕ್ಕಿದ್ದರು. ಗಜೇಂದ್ರಗಡದ ಹುಡುಗನಿಗೆ ಸಿಕ್ಕವನು ನಾನು.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅವರ ಈಗ ಎಲ್ಲದಾರು?" ಎಂದ.

"ಅಲ್ಲೇ ಇರಬೇಕು."

"ಮತ್ತ ಹೋಗೂಣಲ್ಲ?"

ಮರುದಿನ ಭಾನುವಾರ. ರೋಣದಿಂದ ಬಸ್ಸು ಹತ್ತಿದೆವು. ಹೆಸರು ಕಿತ್ತ ಎರೆಹೊಲಗಳು ಕಪ್ಪಗೆ ಮಲಗಿದ್ದವು. ಗಜೇಂದ್ರಗಡ ಹತ್ತಿರವಾದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ನನ್ನ ಕಾಲದಲ್ಲಿ ಅವು ಇರಲಿಲ್ಲ. ಓಣಿ ಮಾತ್ರ ಕಣ್ಣು ಮುಚ್ಚಿದರೂ ಸಿಗುವಂತಿತ್ತು. ಮಗ್ಗದ ಸದ್ದು ಮೊದಲಿನಷ್ಟು ಇಲ್ಲ. ಆದರೆ ಆ ಮನೆಯಿಂದ ಇನ್ನೂ ಬರುತ್ತಿತ್ತು.

ಐವತ್ತು ದಾಟಿದ ಮನುಷ್ಯ ಕುಣಿಯಿಂದ ಎದ್ದು ಬಂದ. ಅಂಗಿಯ ಮೇಲೆ ನೂಲಿನ ಎಳೆಗಳು. ಒಂದು ಗಳಿಗೆ ನೋಡಿ ಗುರುತು ಹಿಡಿದ.

"ಅಯ್ಯ, ಬ್ಯಾಂಕಿನ ಸರ್ ಅಲ್ರೀ? ಬರ್ರಿ, ಬರ್ರಿ. ಕೂಡ್ರಿ."

ಚಹಾ ಬಂತು. ಮಗ್ಗದ ಮೇಲೆ ಪಟ್ಟೆದಂಚಿನ ಸೀರೆ ಅರ್ಧ ನೇಯ್ದಿತ್ತು. ಮಳೆ, ನೂಲಿನ ದರ, ಮಕ್ಕಳ ನೌಕರಿ – ಎಲ್ಲ ಮಾತಾಡಿದೆವು. ನನಗೆ ಹೇಳಬೇಕಾದದ್ದು ಮಾತ್ರ ಗಂಟಲಲ್ಲೇ ಇತ್ತು. ಮೊಮ್ಮಗ ನನ್ನ ಮೊಣಕೈ ತಿವಿದ.

"ಆವತ್ತು ರೋಣದಾಗ..." ಎಂದು ಶುರು ಮಾಡಿದೆ. "ಒಂದ ಮಾತು ಆಡಬಾರದಿತ್ತು. ತಪ್ಪಾತು. ಅದನ್ನ ಹೇಳಾಕ ಬಂದೀನಿ."

ಅವನು ಲೋಟ ಕೆಳಗಿಟ್ಟ. "ಬಿಡ್ರಿ ಸರ್" ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಹಾಗೆ ಅನ್ನಲಿಲ್ಲ.

"ನೆನಪೈತ್ರೀ," ಅಂದ. "ನೀವು ವರ್ಗ ಆಗೂತನಕ ನಾ ಬ್ಯಾಂಕಿನ ಮುಂದ ಹಾಯಲಿಲ್ಲ. ಸಂತಿಗೆ ಹೋಗೂದಿದ್ದರೂ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗತಿದ್ದೆ. ಮಗ್ಗದ ಮುಂದ ಕೂತದ್ದಕ್ಕ ಬ್ಯಾಸರಿಲ್ಲ ಸರ್, ಅದs ಅನ್ನ ಹಾಕೇತಿ. ಆದ್ರ ಮಗ್ಗ ಅಂದ್ರ ಕಡಿಮಿ ಅನ್ನೂಹಂಗ ನೀವು ಅಂದದ್ದು ಅಪ್ಪಗ ಗೊತ್ತಾಗಬಾರದು ಅಂತ ಭಾಳ ದಿನ ಹೆದರಿದ್ದೆ."

ನನಗೆ ಮಾತು ಬರಲಿಲ್ಲ. ಕ್ಯಾಚ್ ಬಿಟ್ಟದ್ದಕ್ಕೆ ಬೈದೆ ಎಂದಷ್ಟೇ ನಾನು ಇಷ್ಟು ವರ್ಷ ತಿಳಿದಿದ್ದೆ. ಒಬ್ಬ ಮಗನ ಮುಂದೆ ಅವನ ಅಪ್ಪನ ದುಡಿಮೆಯನ್ನು ಹೀನಾಯ ಮಾಡಿದ್ದೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

"ಬಂದ್ರಲ್ಲ," ಅಂದ ಅವನು ಸ್ವಲ್ಪ ಹೊತ್ತಿನ ನಂತರ. ಅಷ್ಟೇ ಅಂದ. ಮೊಮ್ಮಗನ ಕಡೆ ತಿರುಗಿ, "ನೀ ಏನ್ ಆಡತಿ?" ಎಂದು ಕೇಳಿದ. ಮೊಮ್ಮಗ ತಾನು ಕ್ಯಾಚ್ ಬಿಟ್ಟದ್ದನ್ನು ಹೇಳಿಬಿಟ್ಟ. ಆ ಮನುಷ್ಯ ನಕ್ಕು, ನೂಲಿನ ಉಂಡೆಯೊಂದನ್ನು ಎತ್ತಿ ಹುಡುಗನ ಕಡೆ ಒಗೆದ. ಹುಡುಗ ಹಿಡಿದ. ಮತ್ತೆ ಒಗೆದ.

"ಕೈ ಬಿಗಿ ಹಿಡಿಬ್ಯಾಡ. ಚೆಂಡು ಬಂದ ಕೂಡಲೇ ಅದರ ಸಂಗಾಟ ಕೈ ಹಿಂದಕ್ಕ ಬರಲಿ. ಕಣ್ಣು ಕಡೀತನಕ ಚೆಂಡಿನ ಮ್ಯಾಲೆ ಇರಲಿ."

ಅದು ನಾನು ಅವನಿಗೆ ಗುಡ್ಡದ ಕೆಳಗಿನ ಬಯಲಿನಲ್ಲಿ ಹೇಳಿಕೊಟ್ಟಿದ್ದ ಮಾತು. ಅವನಿಗೆ ಅದೂ ನೆನಪಿತ್ತು.

ಮಕ್ಕಳೇ, ನೀವು ಕ್ಯಾಚ್ ಬಿಡುತ್ತೀರಿ, ಗಣಿತದಲ್ಲಿ ಕಡಿಮೆ ಅಂಕ ತೆಗೆಯುತ್ತೀರಿ. ಅದು ನಾಳೆ ಸರಿಹೋದೀತು. ನನ್ನ ಓರಗೆಯ ಅಜ್ಜ-ಅಜ್ಜಿಯರಿಗೆ ಒಂದು ಮಾತು: ನಾವು ಮಕ್ಕಳಿಗೆ ಆಡಿದ ಮಾತನ್ನು ನಾವು ಮರೆತರೂ ಅವರು ಮರೆಯುವುದಿಲ್ಲ. ನಿಮ್ಮಲ್ಲೂ ಅಂಥ ಬಾಕಿ ಏನಾದರೂ ಇದ್ದರೆ, ಮೊಣಕಾಲಿನಲ್ಲಿ ಬಸ್ಸು ಹತ್ತುವಷ್ಟು ಶಕ್ತಿ ಇರುವಾಗಲೇ ಹೋಗಿ ಬನ್ನಿ.

ಮುಂದಿನ ಪಂದ್ಯದಲ್ಲಿ ಮೊಮ್ಮಗ ಹನ್ನೊಂದು ಜನರಲ್ಲಿ ಇರಲಿಲ್ಲ. ನೀರಿನ ಬಾಟಲಿ ಹೊತ್ತುಕೊಂಡು ಹೋಗಿ ಬಂದ. ಮನೆಗೆ ಬಂದು ಚುರುಮುರಿ ತಿಂದ. ಈಗ ದಿನಾ ಸಂಜೆ ಹಿತ್ತಲ ಗೋಡೆಗೆ ಚೆಂಡು ಒಗೆದು ಹಿಡಿಯುತ್ತಾನೆ, ನೂರು ಸಲ. ನಾನು ಕಟ್ಟೆಯ ಮೇಲೆ ಕುಳಿತು ಎಣಿಸುತ್ತೇನೆ. ಬಿಟ್ಟದ್ದನ್ನು ಎಣಿಸುವುದಿಲ್ಲ. ಗೋಡೆಯ ಸುಣ್ಣವೆಲ್ಲ ಉದುರುತ್ತಿದೆ ಎಂದು ಅವನ ಅಜ್ಜಿ ಗೊಣಗುತ್ತಾಳೆ. ಉದುರಲಿ ಬಿಡು, ದೀಪಾವಳಿಗೆ ಮತ್ತೆ ಹಚ್ಚಿಸಿದರಾಯಿತು ಅಂದಿದ್ದೇನೆ.